ಅಲ್ಲಾಲನ ಗಾಜಿನ ಪೆಟ್ಟಿಗೆ

ಆಗೆಲ್ಲ ಸೆಫ್ರು ಪೇಟೆಯಲ್ಲಿ ಮಾಂಸಕ್ಕೆ ಇದ್ದದ್ದು ಒಂದೇ ಗಡಿಯಾರ, ಮಸೀದಿಯ ಬಾಂಗು. ಬೆಳಗಿನ ಬಾಂಗಿಗೆ ಕೊಯ್ದ ಟಗರನ್ನು ಕಸಾಯಿ ಅಲ್ಲಾಲ್ ಮಧ್ಯಾಹ್ನದ ಬಾಂಗಿನೊಳಗೆ ಮಾರಿ ಮುಗಿಸಬೇಕಿತ್ತು. ಹತ್ತು ಗಂಟೆಯವರೆಗೆ ಟಗರಿಗೆ ರಾಜಮರ್ಯಾದೆ, ಹನ್ನೊಂದಕ್ಕೆ ಚೌಕಾಸಿ, ಹನ್ನೆರಡು ಹೊಡೆಯಿತೆಂದರೆ ಉಳಿದದ್ದೆಲ್ಲ ಜೀರಿಗೆ ಬೆರೆಸಿದ ಕೀಮಾ. ಅದೂ ಉಳಿದರೆ ಬೀದಿಯ ಬೆಕ್ಕುಗಳಿಗೆ ಹಬ್ಬ. ಊರು ಹೊಟ್ಟೆ ಕೆಡಿಸಿಕೊಳ್ಳದೆ ಉಣ್ಣಲಿ ಎಂದು ಕಸಾಯಿ ದಿನಾ ತೆರುತ್ತಿದ್ದ ಕಪ್ಪಕಾಣಿಕೆ ಅದು.

ಅಂಗಡಿಯ ಮುಂದೆ ಕೊಕ್ಕೆಗೆ ತೂಗುವ ಟಗರಿನ ತೊಡೆಯ ಮೇಲೆ ಪಶುವೈದ್ಯರ ನೇರಳೆ ಮೊಹರು. ಹೆಣ್ಣು ಕುರಿಯನ್ನು ಟಗರೆಂದು ಮಾರುತ್ತಿಲ್ಲ ಎಂಬುದಕ್ಕೆ, ಕತ್ತರಿಸದೆ ಬಿಟ್ಟ ಗಂಡಸುತನದ ಸಾಕ್ಷಿ. ಇವೆರಡನ್ನೂ ಕಣ್ಣಾರೆ ಕಂಡು, ಹೆಬ್ಬೆರಳಿಂದ ಮಾಂಸ ಒತ್ತಿ ನೋಡಿದ ಮೇಲೆಯೇ ಹೆಂಗಸರು ಬುಟ್ಟಿ ಕೆಳಗಿಡುತ್ತಿದ್ದರು.

ಇಂಥ ಸುವರ್ಣಯುಗದ ನೆತ್ತಿಯ ಮೇಲೆ ಪುರಸಭೆಯ ಆಜ್ಞೆ ಬಂದು ಬಿತ್ತು. ಪ್ರತಿ ಅಂಗಡಿಯಲ್ಲೂ ಗಾಜಿನ ಬಾಗಿಲಿನ ತಂಪುಪೆಟ್ಟಿಗೆ ಇರಬೇಕು, ಮಾಂಸ ಅದರೊಳಗಿರಬೇಕು, ಇಲ್ಲವಾದರೆ ಬೀಗ. ಅಲ್ಲಾಲ್ ಮೂರು ದಿನ ಘನಘೋರ ಯುದ್ಧ ಮಾಡಿದ. ಎಂದರೆ, ಚಹಾದಂಗಡಿಯಲ್ಲಿ ಕುಳಿತು ಪುದೀನ ಚಹಾ ಕುಡಿಯುತ್ತ ಪುರಸಭೆಯನ್ನು ಬೈದ. ನಾಲ್ಕನೆಯ ದಿನ ಹೇಸರಗತ್ತೆಯನ್ನು ಮಾರಿ ಪೆಟ್ಟಿಗೆ ತಂದ. ನಾಲ್ವರು ಅದನ್ನು ಮದುವಣಗಿತ್ತಿಯ ಪಲ್ಲಕ್ಕಿಯಂತೆ ಹೆಗಲ ಮೇಲೆ ಹೊತ್ತು ತಂದರು.

ಮೊದಲ ದಿನವೇ ಹೆಂಗಸರು ಬಂದು, ಇಣುಕಿ ನೋಡಿ, ಮುಂದೆ ಹೋದರು. ಕೊನೆಗೆ, ಊರೆಲ್ಲ ಗೌರವದಿಂದ ‘ಲಲ್ಲಾ’ ಎಂದು ಕರೆಯುತ್ತಿದ್ದ ಹನ್ನಿಯಾ ಬಂದಳು. ಅರ್ಧ ಪೇಟೆಯ ಹೆರಿಗೆ ಮಾಡಿಸಿದ ಸೂಲಗಿತ್ತಿ ಆಕೆ. ಆಕೆ ಎಲ್ಲಿ ಕೊಂಡರೆ ಓಣಿಯೆಲ್ಲ ಅಲ್ಲೇ ಕೊಳ್ಳುತ್ತಿತ್ತು.

"ಏನೋ ಅಲ್ಲಾಲ, ಟಗರಿಗೆ ಹುಷಾರಿಲ್ವಾ? ಒಳಗೆ ಮಲಗಿಸಿದ್ದೀಯ."

"ಇವತ್ತಿಂದೇ ಲಲ್ಲಾ. ಬೆಳಿಗ್ಗೆ ಕೊಯ್ದದ್ದು."

"ಇವತ್ತಿಂದಾದ್ರೆ ಹೊರಗೆ ತೂಗ್ತಿತ್ತು. ನಿನ್ನೇದಕ್ಕೆ ತಾನೆ ಪೆಟ್ಟಿಗೆ ಬೇಕಾಗೋದು?"

ಮರುದಿನ ಅಲ್ಲಾಲ್ ಟಗರನ್ನು ಹೊರಗೇ ತೂಗುಹಾಕಿದ. ಹೆಂಗಸರ ಹಿಂದೆಯೇ ಪುರಸಭೆಯ ಇನ್ಸ್‌ಪೆಕ್ಟರೂ ಬಂದ.

"ಪೆಟ್ಟಿಗೆಯೊಳಗೆ ಕರಬೂಜ ಯಾಕೆ ಅಲ್ಲಾಲ್?"

"ಸೆಖೆ ಅಲ್ವಾ ಸಾಹೇಬ್ರೇ."

"ಮಾಂಸಕ್ಕೆ ಸೆಖೆ ಆಗಲ್ವಾ? ನಾಳೆಯಿಂದ ಮಾಂಸ ಒಳಗೆ. ಇಲ್ಲ ಅಂದ್ರೆ ಬೀಗ ನಾನೇ ತರ್ತೀನಿ."

ಒಳಗಿಟ್ಟರೆ ಗಿರಾಕಿ ಇಲ್ಲ, ಹೊರಗಿಟ್ಟರೆ ಅಂಗಡಿಯೇ ಇಲ್ಲ. ಅಲ್ಲಾಲ್ ಮನೆಗೆ ಬಂದು ತಲೆಯ ಮೇಲೆ ಕೈಹೊತ್ತು ಕುಳಿತ. ಹೆಂಡತಿ ತಾಮು ಈರುಳ್ಳಿ ಹೆಚ್ಚುತ್ತಲೇ ಕೇಳಿಸಿಕೊಂಡಳು.

"ಅವರಿಗೆ ಪೆಟ್ಟಿಗೆ ಭಯ ಇಲ್ಲ ಯಜಮಾನ್ರೇ. ರಾತ್ರಿ ಅದರೊಳಗೆ ಏನಿರುತ್ತೆ ಅನ್ನೋ ಭಯ. ಏನೂ ಇಲ್ಲ ಅಂತ ತೋರಿಸಿ. ಮಧ್ಯಾಹ್ನದ ಬಾಂಗಿಗೆ ಖಾಲಿ ಮಾಡಿ, ತೊಳೆದು, ಬಾಗಿಲು ತೆಗೆದು ಬೀದಿ ಕಡೆ ಮುಖ ಮಾಡಿ ಬಿಡಿ."

"ಉಳಿದ ಮಾಂಸ?"

"ನಮಗೆ ಹಲ್ಲಿಲ್ವಾ?"

ಮರುದಿನ ಮಧ್ಯಾಹ್ನದ ಬಾಂಗು ಕೂಗಿದಾಗ ಅರ್ಧ ಟಗರು ಉಳಿದಿತ್ತು. ಅಲ್ಲಾಲ್ ಅದನ್ನು ತೋಳಲ್ಲಿ ಹಿಡಿದು ಪೆಟ್ಟಿಗೆಯ ಮುಂದೆ ನಿಂತ. ಮನಸ್ಸು ಹೊಯ್ದಾಡಿತು. ಇದರೊಳಗಿಟ್ಟರೆ ನಾಳೆಯವರೆಗೆ ಏನೂ ಆಗುವುದಿಲ್ಲ. ಯಾರ ಹೊಟ್ಟೆಯೂ ಕೆಡುವುದಿಲ್ಲ. ಅದಕ್ಕೆಂದೇ ಅಲ್ಲವೆ ಹೇಸರಗತ್ತೆ ಕೈಬಿಟ್ಟದ್ದು? ಆದರೂ ಬಟ್ಟೆಯಲ್ಲಿ ಸುತ್ತಿ ಮನೆಗೆ ಹೊತ್ತ. ತೊಳೆದ ಪೆಟ್ಟಿಗೆ ಸಂಜೆಯವರೆಗೂ ಬೀದಿಗೆ ಬಾಯ್ದೆರೆದು ನಿಂತಿತು.

ಆಮೇಲಿನ ಎಂಟು ದಿನ ಆ ಮನೆಯವರು ಸುಲ್ತಾನರಂತೆ ಉಂಡರು. ಒಣ ಆಲೂಬುಖಾರದ ಜೊತೆ ಮಾಂಸ, ಬಾದಾಮಿಯ ಜೊತೆ ಮಾಂಸ, ಆಮೇಲೆ ಏನೂ ಇಲ್ಲದೆ ಬರೀ ಮಾಂಸ. ಐದನೆಯ ದಿನ ಮಕ್ಕಳು ಬೇಳೆ ಬೇಕೆಂದು ಅತ್ತವು. ಏಳನೆಯ ದಿನ ತಾಮು ಪಾತ್ರೆ ಹಿಡಿದು ಬಂದರೆ ನೆರೆಯವರು ಬಾಗಿಲು ಹಾಕಿಕೊಳ್ಳತೊಡಗಿದರು. ಅಲ್ಲಾಲ್ ನಡುಪಟ್ಟಿಯನ್ನು ಎರಡು ತೂತು ಸಡಿಲಿಸಬೇಕಾಯಿತು. ವ್ಯಾಪಾರದಲ್ಲಿ ಸೋಲುತ್ತ ಸೋಲುತ್ತ ಇಷ್ಟು ದಪ್ಪಗಾದ ಕಸಾಯಿಯನ್ನು ಸೆಫ್ರು ಅದುವರೆಗೆ ಕಂಡಿರಲಿಲ್ಲ.

ಒಂಬತ್ತನೆಯ ದಿನ ಸಂಜೆ ಹಮ್ಮಾಮಿನಲ್ಲಿ ಮಿಂದು ಬರುತ್ತಿದ್ದ ಹನ್ನಿಯಾ ಅಂಗಡಿಯ ಮುಂದೆ ನಿಂತಳು. ಖಾಲಿ ಪೆಟ್ಟಿಗೆಯೊಳಗೆ ತಲೆ ತೂರಿಸಿ ಮೂಸಿದಳು. ಮೂಲೆಯಲ್ಲಿ ಬೆರಳಾಡಿಸಿ, ಆ ಬೆರಳನ್ನೂ ಮೂಸಿದಳು.

"ದಿನಾ ನೋಡ್ತಿದ್ದೀನಿ ಕಣೋ. ಉಳಿದದ್ದು ಎಲ್ಲಿ ಹೋಗುತ್ತೆ?"

ಅಲ್ಲಾಲ್ ಹೊಟ್ಟೆ ಮುಟ್ಟಿ ತೋರಿಸಿದ. ಮುದುಕಿ ಬಹಳ ಹೊತ್ತು ನಕ್ಕಳು.

"ನಾಳೆ ನನಗೊಂದು ಮುಂಗಾಲು ಇಡು."

"ಗಾಜಿನ ಒಳಗಿಂದಾನೇ ಕೊಡಬೇಕಾಗುತ್ತೆ ಲಲ್ಲಾ."

"ಎಲ್ಲಿಂದಾದ್ರೂ ಕೊಡು. ಒತ್ತಿ ನೋಡೋದಂತೂ ನಾನು ಬಿಡಲ್ಲ."

ಈಗ ಪೇಟೆಯ ತುಂಬ ಪೆಟ್ಟಿಗೆಗಳು ಹಗಲೂ ರಾತ್ರಿ ಗುಂಯ್‌ಗುಡುತ್ತವೆ. ಯಾರೂ ಒತ್ತಿ ನೋಡುವುದಿಲ್ಲ, ಯಾರ ಹೊಟ್ಟೆಯೂ ಅಷ್ಟಾಗಿ ಕೆಡುವುದಿಲ್ಲ. ಬೆಕ್ಕುಗಳು ಮಾತ್ರ ಬಡವಾಗಿವೆ. ಆದರೆ ಅಂದು, ಹನ್ನಿಯಾ ಪೆಟ್ಟಿಗೆ ಮೂಸಿ ಹೋದ ಮರುದಿನ, ಆಕೆಯ ಹಿಂದೆ ಇಡೀ ಓಣಿ ಬಂತು. ಹನ್ನೊಂದಕ್ಕೆಲ್ಲ ಟಗರು ಮುಗಿದು, ಅಲ್ಲಾಲ್ ಕೈಬೀಸಿಕೊಂಡು ಮನೆಗೆ ಹೋದ. ತಾಮು ಆಲಿವ್ ಎಣ್ಣೆ ಹಾಕಿದ ಅವರೆಬೇಳೆಯ ಗಂಜಿ ಬಡಿಸಿದಳು. ಮಕ್ಕಳು ಬಟ್ಟಲು ನೆಕ್ಕಿದರು. ಅಲ್ಲಾಲ್ ಮೂರು ಸಲ ಹಾಕಿಸಿಕೊಂಡ.