ಉಪ್ಪು ಬಿದ್ದ ಚಿಕ್ಕು ಹಾಲು

ಮಾಳಮಡ್ಡಿಯ ಗಿರಿಯಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಲಕ್ವಾ ಹೊಡೆದ ಮೇಲೆ ಅವನ ಮಾತು ನಿಂತೇ ಹೋಗಿತ್ತು. ಅನ್ನ ಸೇರದ ಗಂಡನಿಗೆ ಸಾವಂತ್ರೆವ್ವ ದಿನಾ ಹಣ್ಣಿನ ಹಾಲು ಮಾಡಿ ಕುಡಿಸುತ್ತಿದ್ದಳು. ಅಂದು ಮಾಗಿದ ಚಿಕ್ಕು ಸುಲಿದು, ಬೀಜ ತೆಗೆದು, ತಣ್ಣನೆಯ ಹಾಲಿನೊಂದಿಗೆ ಮಿಕ್ಸರಿಗೆ ಹಾಕಿದಳು. ಅವಸರದಲ್ಲಿ ಸಕ್ಕರೆಯೆಂದು ಉಪ್ಪು ಸುರಿದದ್ದು ಗೊತ್ತಾಗಲೇ ಇಲ್ಲ.

ಮೊದಲ ಗುಟುಕಿಗೇ ಗಿರಿಯಪ್ಪ ಮುಖ ಕಿವುಚಿ ಉಗುಳಿದ.

“ಉಪ್ಪ!”

ಸಾವಂತ್ರೆವ್ವ ಬೆಚ್ಚಿ ಬಾಗಿಲ ಕಡೆ ನೋಡಿದಳು. ಅಲ್ಲಿ ಯಾರೂ ಇರಲಿಲ್ಲ. ಲೋಟ ಕೈಜಾರಿ ಹಾಲೆಲ್ಲ ಹಾಸಿಗೆಯ ಮೇಲೆ ಚೆಲ್ಲಿತು.

“ನೀವ ಅಂದ್ರೇನ್ರಿ? ಇನ್ನೊಮ್ಮೆ ಅನ್ರಿ!” ಅವಳು ಅವನ ಮುಖದ ಹತ್ತಿರ ಬಾಗಿದಳು.

ಗಿರಿಯಪ್ಪ ತನ್ನ ದನಿಗೆ ತಾನೇ ದಂಗಾಗಿ ಕೂತಿದ್ದ. ಬಹಳ ಹೊತ್ತು ತುಟಿ ಒದ್ದಾಡಿತು.

“ಉಪ್ಪ... ಸಾವಂತ್ರಿ,” ಎಂದ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ನೆಲಕ್ಕೆ ಕುಸಿದಳು.