ಮಂಗಳಮ್ಮನ ಬೆರಳು, ಸಾಕಮ್ಮನ ಚೀಟಿ

ಪಾಂಡವಪುರದ ಮಂಗಳಮ್ಮ ಓದಿದ್ದು ಏಳನೇ ಕ್ಲಾಸು. ಆದರೆ ೧೯೯೬ರಲ್ಲಿ ನಾಗಮಂಗಲ ತಾಲ್ಲೂಕಿಗೆ ಬಂದ ಸ್ತನ ಕ್ಯಾನ್ಸರ್ ಸಂಶೋಧನೆಯಲ್ಲಿ ಅವಳಷ್ಟು ಕೆಲಸ ಬಲ್ಲವರು ಇನ್ನೊಬ್ಬರಿರಲಿಲ್ಲ. ಡಾಕ್ಟರನ್ನೂ ಸೇರಿಸಿಯೇ ಹೇಳುತ್ತಿದ್ದೇನೆ. ನಾನು ಅಲ್ಲಿ ಹೆಸರು ಬರೆದುಕೊಳ್ಳುವ ಕೆಲಸಕ್ಕಿದ್ದೆ. ಅವಳಿಗಿಂತ ಹೆಚ್ಚು ಓದಿದ್ದೆ, ಬುದ್ಧಿ ಮಾತ್ರ ಕಡಿಮೆ.

ಹಳ್ಳಿಯ ಹೆಂಗಸರ ಎದೆಯನ್ನು ಕೈಯಿಂದ ಮುಟ್ಟಿ ಗಂಟು ಹುಡುಕುವುದು ಅವಳ ಕೆಲಸ. ಗಂಟು ಸಿಕ್ಕವರಿಗೆ ಒಂದು ಚೀಟಿ. ಅದನ್ನು ಹಿಡಿದು ನಮ್ಮ ಜೀಪಿನಲ್ಲಿ ಮೈಸೂರಿಗೆ ಹೋದರೆ ಮ್ಯಾಮೊಗ್ರಫಿ ಯಂತ್ರದಲ್ಲಿ ಎಕ್ಸ್‌ರೇ ತೆಗೆಯುತ್ತಿದ್ದರು. ಬಿಂಡಿಗನವಿಲೆ ಕಡೆಯ ಒಂದು ಹಳ್ಳಿಯಲ್ಲಿ ಹಾಲಿನ ಡೇರಿಯ ಹಿಂದಿನ ಕೋಣೆಯೇ ನಮ್ಮ ಆಸ್ಪತ್ರೆ. ಮಂಗಳಮ್ಮ ಅಂಗೈ ಉಜ್ಜಿ ಬಿಸಿ ಮಾಡಿಕೊಂಡೇ ಮುಟ್ಟುತ್ತಿದ್ದಳು. ನಾಚಿ ಮುದುಡಿದವರನ್ನು, "ನಿನ್ ಗಂಡನ್ ಬುಟ್ರೆ ನಾನೇ ಕಣವ್ವ ಮುಟ್ತಿರೋದು. ಅವ್ನಂಗೆ ಅವಸ್ರ ಮಾಡಾಕಿಲ್ಲ" ಎಂದು ನಗಿಸುತ್ತಿದ್ದಳು.

ಆ ಊರಿನ ಸಾಕಮ್ಮನಿಗೆ ನಲವತ್ತು ದಾಟಿತ್ತು. ಅವಳ ಎಡಗಡೆ, ಕಂಕುಳ ಹತ್ತಿರ, ಮಂಗಳಮ್ಮನ ಬೆರಳು ನಿಂತುಬಿಟ್ಟಿತು. ಹುಣಸೆಬೀಜದಷ್ಟು ಗಂಟು.

"ನೋಯ್ತದಾ?"

"ಇಲ್ಲ ಕಣಕ್ಕ. ನೀನು ಮುಟ್ಟೋಗಂಟ ಅಲ್ಲೊಂದು ಐತೆ ಅಂತ್ಲೇ ಗೊತ್ತಿರ್ನಿಲ್ಲ."

ಅದೇ ದಿನ ಅವಳ ಹಿರಿಯ ವಾರಗಿತ್ತಿ ಲಕ್ಷ್ಮಿದೇವಮ್ಮನನ್ನೂ ನೋಡಿದೆವು. ಅವಳಿಗೆ ಆರು ತಿಂಗಳಿಂದ ಎದೆಯ ಒಂದು ಕಡೆ ಚುಚ್ಚುನೋವು, ಆದರೆ ಗಂಟಿರಲಿಲ್ಲ. ಆ ಮನೆಗೆ ಸಿಕ್ಕಿದ್ದು ಒಂದೇ ಚೀಟಿ, ಸಾಕಮ್ಮನದು.

ಸಾಕಮ್ಮ ಮನೆಗೆ ಹೋದವಳೇ ಅದನ್ನು ಲಕ್ಷ್ಮಿದೇವಮ್ಮನಿಗೆ ಕೊಟ್ಟುಬಿಟ್ಟಳು. "ನೋವಿರೋಳು ನೀನು. ನನ್ಗೇನಾಗದೆ? ನೀನೇ ಹೋಗ್ಬಾ ಅಕ್ಕ." ಹಬ್ಬದ ಸೀರೆಯಾದರೂ ಬಿಸಿ ಮುದ್ದೆಯಾದರೂ ಆ ಮನೆಯಲ್ಲಿ ಮೊದಲು ಹಿರಿಯವಳಿಗೆ. ಎಕ್ಸ್‌ರೇ ಕೂಡ ಹಾಗೆಯೇ ಆಯಿತು. ಒಳ್ಳೆಯತನಕ್ಕೆ ಬೈಯಬಾರದು ಅನ್ನುತ್ತಾರೆ. ನಾನು ಬೈಯುತ್ತೇನೆ.

ಮಾರನೆಯ ವಾರ ಜೀಪು ಬಂತು. ನಾನು ಹೆಸರು ಕೂಗಿದೆ, ಮಂಗಳಮ್ಮ ತಲೆ ಎಣಿಸಿದಳು. ಏಳು ಚೀಟಿ, ಏಳು ತಲೆ. ಗಾಳಿಗೆ ಎಲ್ಲರೂ ತಲೆ ತುಂಬ ಸೆರಗು ಹೊದ್ದಿದ್ದರು. ಸಾಕಮ್ಮ ಅಂದಾಗ ಹಿಂದಿನ ಸೀಟಿನಿಂದ "ಊಂ" ಅಂತ ಯಾರೋ ಅಂದರು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾವು ಮುಖವನ್ನೇ ನೋಡಲಿಲ್ಲ.

ಮೂರು ವಾರಕ್ಕೆ ಮೈಸೂರಿನಿಂದ ವರದಿ ಬಂತು: ಸಾಕಮ್ಮ, ದೋಷವಿಲ್ಲ. ಮಂಗಳಮ್ಮ ಡಾಕ್ಟರ ಮುಂದೆ ನಿಂತಳು.

"ಅಂಗಾಗಾಕಿಲ್ಲ ಸಾರ್. ನನ್ ಬೆರಳ್ಗೆ ಸಿಕ್ಕದೆ. ಇನ್ನೊಂದ್ಸಲ ಕಳ್ಸಿ."

"ಯಂತ್ರ ನೋಡಿದ ಮೇಲೆ ನಿಮ್ಮ ಬೆರಳೇನಮ್ಮ?" ಎಂದರು ಅವರು. ವರದಿಯಲ್ಲಿ ದೋಷವಿಲ್ಲದಿದ್ದರೆ ಮತ್ತೆ ನೋಡುವುದು ಎರಡು ವರ್ಷದ ಮೇಲೆ ಎಂಬುದು ಸಂಶೋಧನೆಯ ನಿಯಮ. ಎಂಥ ಸಂಶೋಧನೆಯೋ! ನಾಗಮಂಗಲದಿಂದ ಆ ಊರಿಗೆ ಬಸ್ಸಿನಲ್ಲಿ ಒಂದು ಗಂಟೆ. ಹೋಗಿ ಇನ್ನೊಮ್ಮೆ ಮುಟ್ಟಿ ನೋಡಬಹುದಿತ್ತು. ಮಂಗಳಮ್ಮ ಹೋಗಲಿಲ್ಲ, ನಾನೂ ಹೋಗು ಅನ್ನಲಿಲ್ಲ.

ಹದಿನಾಲ್ಕು ತಿಂಗಳ ನಂತರ ನಾವು ಆ ಕಡೆ ಹೋದಾಗ ಸಾಕಮ್ಮ ತಾನೇ ಡೇರಿಗೆ ಬಂದಳು. ರವಿಕೆ ಬಿಚ್ಚಿದಾಗ ಕೋಣೆಯೆಲ್ಲ ವಾಸನೆ. ಗಂಟು ಒಡೆದು ಹುಣ್ಣಾಗಿತ್ತು.

"ಎಕ್ಸ್‌ರೇಲಿ ಏನೂ ಇಲ್ಲ ಅಂದಿದ್ರಲ್ಲವ್ವ?" ಮಂಗಳಮ್ಮ ಕೇಳಿದಳು.

"ನಾನೆಲ್ ಹೋಗಿದ್ದೆ? ನಮ್ಮಕ್ಕ ಹೋಗಿದ್ಲು. ಪಾಪ, ನೋವು ನೋವು ಅಂತಿದ್ಲು." ಪಕ್ಕದ ಮನೆಗೆ ಮೊಸರು ಕೊಟ್ಟುಬಂದವಳ ಹಾಗೆ ಹೇಳಿದಳು.

ಬೆಂಗಳೂರಿನ ದೊಡ್ಡಾಸ್ಪತ್ರೆಯಲ್ಲಿ ತಡವಾಯಿತು ಅಂದರು. ಯುಗಾದಿಗೆ ಮೊದಲೇ ಸಾಕಮ್ಮ ತೀರಿಹೋದಳು. ಹೆಸರು ತಪ್ಪಿದ ದಾಖಲೆ ಸಂಶೋಧನೆಗೆ ಬೇಡ, ಹೊಡೆದುಹಾಕಿ ಎಂದು ಡಾಕ್ಟರು ನನಗೆ ಹೇಳಿದರು. ಹೊಡೆದುಹಾಕಿದೆ. ಸಂಬಳ ತಿನ್ನುವ ಕೈ ಅಷ್ಟೇ ಮಾಡುವುದು.

ಮಂಗಳಮ್ಮ ನಗಿಸುವುದನ್ನು ಬಿಟ್ಟಳು. ಒಬ್ಬೊಬ್ಬರನ್ನೂ ಮೂರು ಮೂರು ಸಲ ಮುಟ್ಟಿ ನೋಡುವಳು, ಆದರೂ ನಂಬಿಕೆಯಿಲ್ಲ. "ನನ್ ಬೆರಳು ಸರಿಯಾಗೇ ಹೇಳ್ತು ಕಣೆ, ನಾನೇ ಕೇಳ್ನಿಲ್ಲ" ಎಂದು ಬಸ್ಸಿನಲ್ಲಿ ಅಳುವಳು.

ತಿಥಿ ಕಳೆದ ಮೇಲೆ ಲಕ್ಷ್ಮಿದೇವಮ್ಮ ಡೇರಿಗೆ ಬಂದಳು. ಯಾರೂ ಕರೆದಿರಲಿಲ್ಲ.

"ನನ್ನೊಂದ್ಸಲ ನೋಡವ್ವ."

ಮಂಗಳಮ್ಮ ಎರಡೂ ಕಡೆ ನಿಧಾನವಾಗಿ ನೋಡಿದಳು. "ಏನೂ ಇಲ್ಲ ಕಣಕ್ಕ."

"ಸರ್ಯಾಗ್ ನೋಡು. ಏನಾರ ಇರ್ಲೇಬೇಕು."

ಮತ್ತೆ ನೋಡಿದಳು. "ಇಲ್ಲ ಕಣಕ್ಕ. ನೀನು ಚೆನ್ನಾಗಿದ್ದೀಯೆ."

ಲಕ್ಷ್ಮಿದೇವಮ್ಮ ಮಂಗಳಮ್ಮನ ಕೈಯನ್ನು ತನ್ನ ಎದೆಗೆ ಒತ್ತಿ ಹಿಡಿದುಕೊಂಡಳು. "ಐತೆ ಅನ್ನವ್ವ. ನಿನ್ ಕಾಲಿಗ್ ಬೀಳ್ತೀನಿ, ಐತೆ ಅನ್ನು."