ಯಾವುದಕ್ಕಿಂತ ಬೆಟರ್?

ಮನೆಗೆಲ್ಲ ಒಂದೇ ಮೊಬೈಲು, ಅದೂ ಅಪ್ಪನ ಜೇಬಿನಲ್ಲಿ ಇರುತ್ತಿದ್ದ ಕಾಲ ಅದು. ಮರಳವಾಡಿ ಬಳಿಯ ನಮ್ಮೂರಿನಲ್ಲಿ ಅವರೆಕಾಯಿ ಸುಗ್ಗಿ. ಬೆರಳಿಗೆಲ್ಲ ಸೊಗಡಿನ ಜಿಡ್ಡು, ರೇಷ್ಮೆಹುಳು ಸಾಕುವ ಕೋಣೆಯಿಂದ ಸೊಪ್ಪಿನ ಹಸಿ ವಾಸನೆ. ನಾನು ಏಳನೇ ತರಗತಿಯ ಹುಡುಗಿ. ಪಿಯುಸಿ ಮುಗಿಸಿದ್ದ ಅಕ್ಕ ಸುಮಾಳನ್ನು ಆ ವರ್ಷವೇ ತಿಪ್ಪಸಂದ್ರದ ಕಡೆಗೆ ಮದುವೆ ಮಾಡಿ ಕೊಟ್ಟಿದ್ದರು.

ಭಾನುವಾರ ಅವಳ ಫೋನ್ ಬರುತ್ತಿತ್ತು. ಅಪ್ಪ ಸ್ಪೀಕರ್ ಹಾಕುತ್ತಿದ್ದರು.

"ಎಂಗಿದ್ದೀಯೇ?" ಎಂದು ಅವ್ವ ಕೇಳಿದರೆ, ಮೊದಮೊದಲು "ಚೆಂದಾಗಿವ್ನಿ" ಎನ್ನುತ್ತಿದ್ದವಳು ಆಮೇಲಾಮೇಲೆ "ಬೆಟರ್ ಕಣವ್ವ" ಎನ್ನತೊಡಗಿದಳು. ಅವಳ ಹಿಂದೆಯೇ ಅತ್ತೆಯ ಕೆಮ್ಮು ಕೇಳಿಸುತ್ತಿತ್ತು, ಯಾವಾಗಲೂ.

"ವಾಸಿ ಅಂತೆ, ಬುಡು," ಎಂದು ಅಪ್ಪ ಫೋನನ್ನು ಜೇಬಿಗಿಳಿಸುತ್ತಿದ್ದರು. ನಾನು ಕುಂಟೆಬಿಲ್ಲೆ ಆಡಲು ಓಡುತ್ತಿದ್ದೆ.

ಅದೇ ದಿನಗಳಲ್ಲಿ ಇಂಗ್ಲಿಷ್ ಮೇಡಂ ಬೋರ್ಡಿನ ಮೇಲೆ ಬೆಟರ್ ಎಂಬ ಪದ ಬರೆದರು. ಉತ್ತಮ, ಮೇಲು, ವಾಸಿ ಎಂದು ಅರ್ಥ ಬರೆಸಿ, "ಗುಡ್ ತಾನೊಂದೇ ನಿಂತ್ಕೊಳ್ಳುತ್ತೆ. ಬೆಟರ್ ನಿಲ್ಲಲ್ಲ, ಯಾವುದಕ್ಕಿಂತ ಅಂತ ಕೇಳಬೇಕು. ಜ್ವರ ಒಂದು ಡಿಗ್ರಿ ಇಳಿದರೂ ಬೆಟರೇ. ಜ್ವರ ಬಿಟ್ಟಿದೆ ಅಂತಲ್ಲ," ಎಂದರು. ನನಗೆ ಅಕ್ಕನ ಭಾನುವಾರದ ಮಾತು ನೆನಪಾಯಿತು.

ಮುಂದಿನ ಭಾನುವಾರ ಅಪ್ಪನ ಕೈಯಿಂದ ಫೋನ್ ಕಿತ್ತುಕೊಂಡೆ.

"ಅಕ್ಕಾ, ಯಾವುದಕ್ಕಿಂತ ಬೆಟರು?"

ಆ ಕಡೆ ಅತ್ತೆ ಕೆಮ್ಮಿದರು. ಅಕ್ಕ ಮೆಲ್ಲಗೆ, "ದ್ಯಾನ್ ಯೆಸ್ಟರ್‌ಡೇ," ಎಂದಳು. ಫೋನ್ ಕಟ್ಟಾಯಿತು.

"ಏನಂದ್ಲು?" ಎಂದರು ಅಪ್ಪ.

"ನಿನ್ನೆಗಿಂತ ವಾಸಿ ಅಂತೆ."

ಅವರೆಕಾಯಿ ಸುಲಿಯುತ್ತಿದ್ದ ಅವ್ವನ ಕೈ ನಿಂತಿತು. "ನಿನ್ನೆ ಏನಾಗಿತ್ತು?"

ಅಪ್ಪ ಎದ್ದು ಚಪ್ಪಲಿ ಮೆಟ್ಟಿದರು. "ಒಸಿ ಹೋಗಿ ನೋಡ್ಕಂಡ್ ಬತ್ತೀನಿ."

"ನೋಡ್ಕಂಡಲ್ಲ," ಎಂದಳು ಅವ್ವ. "ಕರ್ಕಂಡ್ ಬನ್ನಿ."

ದೀಪ ಹಚ್ಚುವ ಹೊತ್ತಿಗೆ ಅಪ್ಪನ ಹಿಂದೆ ಅಕ್ಕ ಬಂದಳು. ಹಿಂದಿನ ದಿನ ಗಂಡ ಅವಳ ಎಡಗೈಯನ್ನು ಬಾಗಿಲ ಸಂದಿಗಿಟ್ಟು ಒತ್ತಿದ್ದನಂತೆ. ಮಣಿಕಟ್ಟು ಊದಿ ಗಾಜಿನ ಬಳೆ ಚರ್ಮದೊಳಗೆ ಹೂತಿತ್ತು. ಅಪ್ಪ ಅದನ್ನು ಒಡೆದು ಬಿಡಿಸುವಾಗ ಅವಳು ಅಳಲಿಲ್ಲ. ಅಪ್ಪ ಅತ್ತರು. ಆ ಮನೆಗೆ ಅವಳು ಮತ್ತೆ ಹೋಗಲಿಲ್ಲ.

ಈಗ ಅಕ್ಕನಿಗೆ ರಾಮನಗರದಲ್ಲಿ ತನ್ನದೇ ಹೊಲಿಗೆ ಅಂಗಡಿಯಿದೆ. ಎಲ್ಲರ ಕೈಯಲ್ಲೂ ಫೋನು, ವಿಡಿಯೋ ಕಾಲಿನಲ್ಲಿ ಮುಖವೂ ಕಾಣುತ್ತದೆ. ಆದರೂ ಯಾರಾದರೂ ಚೆನ್ನಾಗಿದ್ದೀನಿ ಎಂದರೆ ನನ್ನ ಕಣ್ಣು ಅವರ ಹಿಂದಿನ ಬಾಗಿಲ ಕಡೆ ಹೋಗುತ್ತದೆ. ಹೇಳಿದ್ದನ್ನು ಹೇಳಿದ ಹಾಗೇ ನಂಬಿ ಕುಂಟೆಬಿಲ್ಲೆ ಆಡಲು ಓಡುತ್ತಿದ್ದ ಆ ಹುಡುಗಿ, ಅಂದಿನಿಂದ ನನಗೆ ಸಿಕ್ಕಿಲ್ಲ.